ನಾಲ್ಕನೇ ಹಾಡಿನಲ್ಲಿ ತಾತನ ಕಾಲು

"ನಿಲ್ಸು! ಮೊದ್ಲಿಂದ ಹಾಕು!"

ಧರಣಿ ಕೂಗಿದ ರಭಸಕ್ಕೆ ಗೋಮತಿಯ ಕೈಯಲ್ಲಿದ್ದ ಮುರುಕ್ಕು ಜಾರಿ ನೆಲಕ್ಕೆ ಬಿತ್ತು.

"ಮೂರ್ ಸಲ ಹಾಕಾಯ್ತು ಡೀ," ಅಂದಳು ಗೋಮತಿ. "ಪಾಟು ಸೂಪರಾಗಿ ತಾನೇ ಇದೆ? ಯಾಕ್ ಹಿಂಗ್ ಕಿರುಚ್ತೀಯ?"

"ನೀ ಹಾಕು, ಅಷ್ಟೆ."

ಗೋಮತಿ ಫೋನ್ ಒತ್ತಿದಳು. ನೆಲದ ಮೇಲಿದ್ದ ಪುಟ್ಟ ಸ್ಪೀಕರ್ ಮತ್ತೆ ಶುರುವಾಯಿತು. ಟಕ್ ಟಕ್ ಟಕ್ ಟಕ್. ಅದು ಮಗ್ಗದ ಸದ್ದು. ಅದರ ಬೆನ್ನಿಗೇ ಗಿಟಾರ್ ಗುಡುಗಿತು, ನಾದಸ್ವರ ಏರಿತು. ಗೋಮತಿಯ ಮನೆಯ ಮಾಳಿಗೆಯ ಮೇಲೆ ಸೇರಿದ್ದ ಮಕ್ಕಳೆಲ್ಲ ತಲೆ ಆಡಿಸಿದರು. ಧರಣಿಯ ತಲೆ ಮಾತ್ರ ಅಲುಗಲಿಲ್ಲ. ಅವಳ ಮೂಗಿನ ತುದಿ ಕೆಂಪಾಗುತ್ತಿತ್ತು.

ಕೋಪ ಎಂಬುದು ಧರಣಿಗೆ ಯಾವಾಗಲೂ ಮೂಗಿನ ತುದಿಯಲ್ಲೇ ಇರುವುದು. ಹಾಡಿಗೆ 'ಪಾಟು' ಎನ್ನುವ, ತಮಿಳು ಬೆರೆತ ಕನ್ನಡವಾಡುವ, ಕೊಯಮತ್ತೂರು ಬಳಿಯ ಕಾರಮಡೈನ ಆ ನೇಕಾರರ ಬೀದಿಯಲ್ಲಿ ಇದು ಗೊತ್ತಿಲ್ಲದವರು ಯಾರೂ ಇಲ್ಲ. ಆದರೆ ಈ ಸಲದ ಕೋಪ ಬೇರೆ. ಇದಕ್ಕೆ ಕಾರಣ ಇತ್ತು.

ಹಾಡು 'ಏಳ್ ಮಣಿ ಬಸ್' ಅವರದ್ದು. ಏಳು ಗಂಟೆಯ ಬಸ್ಸಲ್ಲ, ಬ್ಯಾಂಡಿನ ತಮಿಳು ಹೆಸರೇ ಹಾಗೆ. ಕೊಯಮತ್ತೂರಿನ ನಾಲ್ವರು ಸೇರಿ ಕಟ್ಟಿದ್ದು. ಅವರದ್ದು ರಾಕ್ ಎನ್ನುವವರಿದ್ದಾರೆ, ಅಲ್ಲ ಎನ್ನುವವರೂ ಇದ್ದಾರೆ. ಎಲೆಕ್ಟ್ರಿಕ್ ಗಿಟಾರಿನ ಪಕ್ಕದಲ್ಲಿ ನಾದಸ್ವರ ಊದುತ್ತಾರೆ, ತವಿಲ್ ಡೋಲು ಬಾರಿಸಿಕೊಂಡು ರ್‍ಯಾಪ್ ಹಾಡುತ್ತಾರೆ. ಧರಣಿ ನಾಲ್ಕು ವರ್ಷದವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಅವರ ಕಚೇರಿ ಕೇಳಿದ್ದಳು. ಆ ಅಬ್ಬರಕ್ಕೆ ಹೆದರಿ ಬೇರೆ ಮಕ್ಕಳೆಲ್ಲ ಅತ್ತರೆ, ಇವಳು ಅಪ್ಪ ಮನೆಗೆ ಹೋಗೋಣ ಅಂದದ್ದಕ್ಕೆ ಅತ್ತಳಂತೆ! ಈಗ ಅವಳಿಗೆ ಹತ್ತು ವರ್ಷ. ಹಿಂದಿನ ಎರಡು ಆಲ್ಬಮ್‌ಗಳ ಹಾಡುಗಳೆಲ್ಲ ಬಾಯಿಪಾಠ.

ಮೂರನೇ ಆಲ್ಬಮ್ ಹೊರಬಂದದ್ದು ಇವತ್ತು, ಶುಕ್ರವಾರ. ಹೆಸರು 'ನೂಲು'. ಅದರ ನಾಲ್ಕನೇ ಹಾಡಿನ ಹೆಸರು 'ತರಿ'. ತರಿ ಅಂದರೆ ತಮಿಳಿನಲ್ಲಿ ಮಗ್ಗ. ಆ ಹಾಡಿನಲ್ಲಿ ಕೇಳಿಸುವ ಮಗ್ಗ ತನ್ನ ತಾತ ಪೊನ್ನುಸಾಮಿಯವರದ್ದು ಎಂದು ಧರಣಿ ಸ್ಕೂಲಿಗೆಲ್ಲ ಡಂಗುರ ಸಾರಿದ್ದಳು.

ಸುಮ್ಮನೆ ಸಾರಿದ್ದಲ್ಲ. ಬ್ಯಾಂಡಿನ ಡ್ರಮ್ಮರ್ ಸೆಂದಿಲ್ ಕುಮಾರ್ ಅಣ್ಣನಿಗೆ ಅವಳೇ ವಾಯ್ಸ್ ಮೆಸೇಜ್ ಕಳಿಸಿದ್ದಳು: "ಅಣ್ಣಾ, ನಿಮ್ಮ ಡ್ರಮ್ ಚೆನ್ನಾಗಿದೆ. ಆದರೆ ನಮ್ಮ ತಾತನ ಮಗ್ಗ ಅದಕ್ಕಿಂತ ಚೆನ್ನಾಗಿದೆ. ನಂಬಿಕೆ ಇಲ್ಲದಿದ್ದರೆ ಬಂದು ಕೇಳಿ." ಬೇಸಿಗೆ ರಜೆಯಲ್ಲಿ ಅವರು ನಿಜವಾಗಿಯೂ ಬಂದರು. ಮೈಕು, ವೈರು, ದೊಡ್ಡ ಹೆಡ್‌ಫೋನು ಎಲ್ಲ ಹೊತ್ತು ತಂದರು. ತಾತ ಮಡಿಸಿಟ್ಟಿದ್ದ ಹೊಸ ವೇಷ್ಟಿ ಉಟ್ಟು ಮಗ್ಗಕ್ಕೆ ಕೂತರು. ಅಜ್ಜಿ ಅಮ್ಮಣಿ (ಆ ಮನೆಯಲ್ಲಿ ಅಜ್ಜಿಯನ್ನು ಅವ್ವ ಎಂದೇ ಕರೆಯುವುದು) ಬೀದಿಗೆ ಬಂದು ನಿಂತು, "ಅರ್ಧ ಗಂಟೆ ಯಾರೂ ಮಿಕ್ಸಿ ಹಾಕ್ಬೇಡಿ!" ಎಂದು ಕೂಗಿ ಹೇಳಿದ್ದಳು.

ತಾತನ ಮಗ್ಗ ಗುಂಡಿ ಮಗ್ಗ. ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಅಲ್ಲಿರುವ ಎರಡು ಮರದ ಪಟ್ಟಿಗಳನ್ನು ಒಂದು ಸಲ ಬಲಗಾಲಲ್ಲಿ, ಒಂದು ಸಲ ಎಡಗಾಲಲ್ಲಿ ತುಳಿಯಬೇಕು. ತುಳಿದಾಗ ನೂಲಿನ ಎಳೆಗಳು ಬಾಯಿ ಬಿಡುತ್ತವೆ, ಹಗ್ಗ ಎಳೆದರೆ ಲಾಳಿ ಅದರೊಳಗೆ ಓಡುತ್ತದೆ. ಧರಣಿ ಹುಟ್ಟುವ ಮೊದಲೇ ತಾತ ನೂಲಿನ ಗಂಟಿನ ಸಮೇತ ಮೊಪೆಡ್‌ನಿಂದ ಬಿದ್ದು ಎಡಗಾಲು ಮುರಿದುಕೊಂಡಿದ್ದರು. ಅಂದಿನಿಂದ ಎಡಗಾಲಿನ ಸರದಿ ಬಂದಾಗ ಸ್ವಲ್ಪ ತಡ. ಹಾಗಾಗಿ ಅವರ ಮಗ್ಗ ಬೇರೆಯವರ ಮಗ್ಗದಂತೆ ಟಕ್ ಟಕ್ ಅನ್ನುವುದಿಲ್ಲ. ಟಕ್ಕಟಾ... ಟಕ್. ಟಕ್ಕಟಾ... ಟಕ್.

ನಡುವಿನ ಆ ನಿಲುಗಡೆಯೇ ಧರಣಿಗೆ ಪ್ರಾಣ. ಅವಳು ಅದನ್ನು ಡೆಸ್ಕಿನ ಮೇಲೆ ಬಾರಿಸಿ ಬಾರಿಸಿ ಇಡೀ ಕ್ಲಾಸಿಗೆ ಕಲಿಸಿಬಿಟ್ಟಿದ್ದಳು. ಟೀಚರ್ ಬರುವುದು ತಡವಾದರೆ ಸಾಕು, ನಲವತ್ತು ಮಕ್ಕಳೂ ಸೇರಿ ಚಪ್ಪಾಳೆ ತಟ್ಟುವರು: ಟಕ್ಕಟಾ... ಟಕ್!

ಈಗ ಸ್ಪೀಕರಿನಿಂದ ಬರುತ್ತಿದ್ದ ಸದ್ದಿನಲ್ಲಿ ಆ ನಿಲುಗಡೆ ಇರಲೇ ಇಲ್ಲ. ಗಡಿಯಾರದ ಮುಳ್ಳಿನಂತೆ ಸಮಸಮವಾಗಿ ಟಕ್ ಟಕ್ ಟಕ್ ಟಕ್.

ಮಾಳಿಗೆಯ ಮೋಟುಗೋಡೆಯ ಮೇಲೆ ಕೂತಿದ್ದ ದಿವಾಕರ್ ಕಾಲು ಆಡಿಸುತ್ತಾ ಹೇಳಿದ, "ಇದು ನಮ್ ಶೆಡ್‌ನಲ್ಲಿ ಓಡೋ ಪವರ್‌ಲೂಮ್ ಮಾದಿರಿ ತಾನೇ ಇದೆ? ನಿಮ್ ತಾತನ್ ತಾಳ ಎಲ್ಲೋಯ್ತು? ಸುಮ್ನೆ ಬಿಲ್ಡಪ್ ಕೊಟ್ಟಿದ್ದಾ?"

ಉರಿಯೋ ಬೆಂಕಿಗೆ ತುಪ್ಪ ಸುರಿದಂತಾಯಿತು.

"ಏಯ್! ಬಾಯಿ ಮುಚ್ಚು!"

"ನಂಗ್ಯಾಕ್ ಬಯ್ತೀಯ? ನಿನ್ ಬ್ಯಾಂಡಿಗ್ ಬಯ್ಯಿ."

  ಧರಣಿ ತಟ್ಟೆಯಲ್ಲಿದ್ದ ಮುರುಕ್ಕನ್ನೆಲ್ಲ ಕಾಲಿನಿಂದ ಒದ್ದು, ಮೆಟ್ಟಿಲನ್ನು ಧಡಧಡ ಇಳಿದು ಹೋದಳು. "ಮುರುಕ್ಕು ಏನ್ ಮಾಡ್ತು ಡೀ?" ಎಂದು ಗೋಮತಿ ಮೇಲಿಂದ ಕೂಗಿದಳು.

ಮನೆಯ ಬಾಗಿಲಲ್ಲೇ ತಾತ ಸಿಕ್ಕರು. ಮಗ್ಗದಿಂದ ಎದ್ದು ಕಾಲು ನೀಡಿಕೊಂಡು ಜಗಲಿಯ ಮೇಲೆ ಕೂತಿದ್ದರು.

"ಬಂತಾ ಕಣ್ಣು, ನಮ್ ಪಾಟು?"

ಮೊಮ್ಮಗಳನ್ನು ಮುದ್ದಿಗೆ 'ಕಣ್ಣು' ಎನ್ನುವ ತಾತನದ್ದು ಮೂರು ತಿಂಗಳಿಂದ ದಿನಾ ಇದೇ ಪ್ರಶ್ನೆ. ನಾಲ್ಕು ಮನೆ ಆಚೆಯ ಕೃಷ್ಣಸಾಮಿ ತಾತನಿಗೆ, ಹಾಲು ಹಾಕುವವನಿಗೆ, ನೂಲು ತರುವವನಿಗೆ, ಎಲ್ಲರಿಗೂ ಹೇಳಿಬಿಟ್ಟಿದ್ದರು, ನನ್ ಮಗ್ಗ ಪಾಟಲ್ಲಿ ಬರ್ತದೆ ಅಂತ. ಧರಣಿ ಅವರ ಮುಖ ನೋಡಿದಳು. ಇದನ್ನು ಕೇಳಿದರೆ ತಾತ ಏನಂದುಕೊಳ್ಳಬೇಡ? ಕರೆದು ಕೂರಿಸಿ ನೆಯ್ಯಿಸಿ, ಕೊನೆಗೆ ಬೇರೆ ಯಾರದ್ದೋ ಮಗ್ಗ ಹಾಕಿದ್ದಾರೆ ಎಂದು ಗೊತ್ತಾದರೆ?

"ಇನ್ನೂ ಬಂದಿಲ್ಲ ತಾತಾ. ಲೇಟ್ ಆಗ್ತದಂತೆ."

"ಅಪ್ಪಡಿಯಾ?" ತಾತ ಮೊಣಕಾಲು ನೀವಿಕೊಂಡರು. "ಶರಿ ಬಿಡು. ಒಳ್ಳೇದು ನಿಧಾನವಾಗಿ ತಾನೇ ಬರೋದು."

ಆ ಮಾತು ಕೇಳಿ ಅವಳಿಗೆ ಇನ್ನೂ ರೇಗಿತು. ಅಪ್ಪ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ. ಭಾನುವಾರ ಮಾತ್ರ ಮನೆ. ಅಮ್ಮ ಮಿಲ್ಲಿನಿಂದ ಇನ್ನೂ ಬಂದಿರಲಿಲ್ಲ. ಮನೆಗೆಂದು ಅಪ್ಪ ಬಿಟ್ಟುಹೋಗಿದ್ದ ಹಳೇ ಫೋನನ್ನು ಎತ್ತಿಕೊಂಡು ಧರಣಿ ಹಿತ್ತಲಿಗೆ ಹೋದಳು. ನುಗ್ಗೆಮರದ ಕೆಳಗೆ ನಿಂತು, ಮೈಕಿನ ಗುರುತನ್ನು ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದು, ತಮಿಳಿನಲ್ಲಿ ಶುರು ಮಾಡಿದಳು.

"ಸೆಂದಿಲ್ ಅಣ್ಣಾ, ನಾನು ಕಾರಮಡೈ ಧರಣಿ. ನಿಮ್ಮ ಹೊಸ ಆಲ್ಬಮ್‌ನ ನಾಲ್ಕು ಹಾಡು ಕೇಳಿದೆ. ಮೊದಲನೇ ಹಾಡಲ್ಲಿ ಕಂಡಕ್ಟರ್ ವಿಷಲ್ ಊದಿದ ಕೂಡಲೇ ಡ್ರಮ್ ಬೀಳುತ್ತಲ್ಲ, ಅದು ಸೂಪರ್. ಎರಡನೇ ಹಾಡಲ್ಲಿ ನಾದಸ್ವರವೂ ಗಿಟಾರೂ ಜಗಳ ಆಡುತ್ತವೆ. ನಾದಸ್ವರವೇ ಗೆಲ್ಲುತ್ತದೆ, ಅದೂ ಸೂಪರ್. ಮೂರನೇದರಲ್ಲಿ ಆ ಅಕ್ಕ ಒಬ್ಬರೇ ಮೆತ್ತಗೆ ಹಾಡುವಾಗ ನನಗೆ ಅಳು ಬಂತು. ಯಾಕೆ ಬಂತು ಅಂತ ಗೊತ್ತಿಲ್ಲ. ಆಮೇಲೆ ನಾಲ್ಕನೇದು. ಅದು ಮೋಸ! ನನ್ನ ತಾತ ಹೊಸ ವೇಷ್ಟಿ ಉಟ್ಟು ನಿಮಗೆ ನೆಯ್ದು ತೋರಿಸಿದರು. ನಮ್ಮ ಅವ್ವ ನಿಮಗೆ ಪಣಿಯಾರ ಮಾಡಿ ಕೊಟ್ಟರು, ನೀವು ಒಂಬತ್ತು ತಿಂದಿರಿ. ನಾನು ಎಣಿಸಿದೆ! ತಿಂದು ಹೋಗಿ ಯಾವುದೋ ಪವರ್‌ಲೂಮ್ ಹಾಕಿದ್ದೀರಲ್ಲ, ನಾಚಿಕೆ ಆಗಲ್ವಾ? ಕೆಟ್ಟ ಬ್ಯಾಂಡ್ ಆಗಿದ್ದಿದ್ದರೆ ಬಿಟ್ಟುಬಿಡುತ್ತಿದ್ದೆ. ನೀವು ಇಷ್ಟು ಚೆನ್ನಾಗಿ ಮಾಡಿ, ಇಷ್ಟು ಕೆಟ್ಟದಾಗಿ ಮಾಡಿದ್ದೀರಿ!"

ಕಳಿಸಿಯೇಬಿಟ್ಟಳು. ಉಸಿರು ಬಿಡುವಷ್ಟರಲ್ಲಿ ಉತ್ತರ ಬಂತು. ಸೆಂದಿಲ್ ಅಣ್ಣನ ದನಿ ಮೊದಲು ನಗುತ್ತಿತ್ತು, ಆಮೇಲೆ ನಗು ನಿಂತಿತು.

"ಅಯ್ಯೋ ಧರಣಿ, ಅದು ನಿಮ್ಮ ತಾತನ ಮಗ್ಗವೇ ಕಣಮ್ಮಾ, ಸತ್ಯವಾಗಿ! ಅವತ್ತು ರೆಕಾರ್ಡ್ ಮಾಡಿದ್ದೇ. ಏನಂದರೆ, ಸ್ಟುಡಿಯೋ ಕಂಪ್ಯೂಟರಿನಲ್ಲಿ ಒಂದು ವಿಷಯ ಇದೆ. ತಾಳ ಹಿಂದೆ ಮುಂದೆ ಆಗಿದ್ದರೆ ಎಳೆದು ಸಮ ಮಾಡುತ್ತದೆ. ತಾತನದ್ದು ಪ್ರತಿ ಸಲ ಒಂದು ಏಟು ತಡವಾಗಿ ಬೀಳುತ್ತಿತ್ತು. ವಯಸ್ಸಾದವರಲ್ವಾ, ತಪ್ಪಿದೆ ಅಂದುಕೊಂಡು ಸರಿ ಮಾಡಿದೆವು. ಅವರಿಗೆ ಅವಮಾನ ಆಗಬಾರದು ಅಂತ."

ತಪ್ಪಂತೆ! ಸರಿ ಮಾಡಿದರಂತೆ! ಧರಣಿ ಫೋನನ್ನು ಎಸೆಯಲು ಕೈ ಎತ್ತಿದವಳು, ಅದು ಅಪ್ಪನದ್ದು ಎಂದು ನೆನಪಾಗಿ, ಬದಲಿಗೆ ನುಗ್ಗೆಮರಕ್ಕೆ ಒದ್ದಳು. ಕಾಲಿಗೇ ಪೆಟ್ಟಾಯಿತು. ತಾತನದ್ದು ತಪ್ಪು ಎಂದು ಹೇಳಲು ಇವರು ಯಾರು? ಕೇಳಬಾರದಿತ್ತೇ? ಒಂದು ಫೋನ್ ಮಾಡಬಾರದಿತ್ತೇ? ಬೇರೆ ಮಗ್ಗ ಹಾಕಿದ್ದರೂ ವಾಸಿಯಿತ್ತು. ಇವರು ತಾತನ ಮಗ್ಗವನ್ನೇ ಇಟ್ಟುಕೊಂಡು ತಾತನನ್ನು ತೆಗೆದುಹಾಕಿದ್ದಾರೆ.

 ಆ ಸಂಜೆ ಅವ್ವ ದೋಸೆ ಹಾಕಿಕೊಟ್ಟರೆ ಧರಣಿ ಎರಡೇ ತಿಂದು ಎದ್ದಳು.  ತಾತನಿಗೆ ಈ ಹಾಡು ಕೇಳಿಸದಂತೆ ನೋಡಿಕೊಳ್ಳಬೇಕು. ಹೇಗೆ ಎಂಬುದು ಮಾತ್ರ ಅವಳಿಗೆ ಹೊಳೆಯಲಿಲ್ಲ. ಒಂದು ಬೀದಿಯ ಬಾಯಿ ಮುಚ್ಚಿಸುವುದು ಆಗುವ ಕೆಲಸವೇ?

ಆಗಲೂ ಇಲ್ಲ. ಶನಿವಾರ ಬೆಳಗ್ಗೆ ಧರಣಿ ಬಚ್ಚಲಲ್ಲಿ ತಲೆಗೆ ಸೀಗೆಕಾಯಿ ಹಚ್ಚಿಕೊಂಡು ಕೂತಿದ್ದಾಗ ಹೊರಗಿನಿಂದ ದಿವಾಕರನ ದನಿ ಕೇಳಿಸಿತು.

"ತಾತಾ, ನಿಮ್ ಪಾಟು ಬಂದಿದೆ. ನೀವ್ ಕೇಳಿದ್ರಾ?"

"ಬಂದಿದೆಯಾ? ಧರಣಿ ಲೇಟಾಗ್ತದೆ ಅಂದ್ಲೇ!"

"ನಿನ್ನೇನೇ ಬಂತು. ಇರಿ, ಹಾಕ್ತೀನಿ."

ಧರಣಿ ಎರಡು ಚೊಂಬು ನೀರು ಸುರಿದುಕೊಂಡು, ಕೈಗೆ ಸಿಕ್ಕ ಬಟ್ಟೆ ಹಾಕಿಕೊಂಡು, ಕೂದಲಿಂದ ನೀರು ಸೋರಿಸುತ್ತಾ ಓಡಿ ಬಂದಳು. ಅಷ್ಟರಲ್ಲಿ ಹಾಡು ಶುರುವಾಗಿಬಿಟ್ಟಿತ್ತು. ತಾತ ಮಗ್ಗ ನಿಲ್ಲಿಸಿ, ಗುಂಡಿಯಲ್ಲಿ ಕಾಲು ಇಳಿಬಿಟ್ಟಂತೆಯೇ ತಲೆ ತಗ್ಗಿಸಿ ಕೇಳುತ್ತಿದ್ದರು. ಟಕ್ ಟಕ್ ಟಕ್ ಟಕ್.

"ಆಫ್ ಮಾಡು ಡಾ!" ಧರಣಿ ಕಿರುಚಿದಳು.

"ಸುಮ್ನಿರು ಕಣ್ಣು," ಅಂದರು ತಾತ.

ಅಡುಗೆಮನೆಯಿಂದ ಅವ್ವ ಹೊರಗೆ ಬಂದಳು. ಕೈಯೆಲ್ಲ ದೋಸೆಹಿಟ್ಟು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹಿಟ್ಟು ಚೌಕಟ್ಟಿಗೆ ಮೆತ್ತಿಕೊಂಡದ್ದು ಅವಳಿಗೆ ಗೊತ್ತಾಗಲಿಲ್ಲ. ದಿನಾ ಒಂದು ಕಾಳು ಅಕ್ಕಿ ಚೆಲ್ಲಿದರೂ ಬಯ್ಯುವ ಅವ್ವ!

"ಯಾರ್ ನೆಯ್ತಾವ್ರೆ?" ಎಂದು ಕೇಳಿದಳು ಮೆಲ್ಲಗೆ.

"ನಾನೇ," ಅಂದರು ತಾತ. "ಲಾಳಿ ಸದ್ದು ಕೇಳು. ನಮ್ದೇ."

ಇನ್ನು ತಡೆದುಕೊಳ್ಳುವುದು ಧರಣಿಯ ಕೈಲಾಗಲಿಲ್ಲ. ಎಲ್ಲವೂ ಒಂದೇ ಉಸಿರಿಗೆ ಹೊರಗೆ ಬಂತು.

"ಮಗ್ಗ ನಿಮ್ದೇ ತಾತಾ, ಆದ್ರೆ ನೀವಲ್ಲ! ಅವ್ರು ಕಂಪ್ಯೂಟರಲ್ಲಿ ಬದ್ಲಾಯ್ಸಿಬಿಟ್ಟವ್ರೆ! ನಿಮ್ ಎಡಗಾಲು ತಪ್ಪು ಅಂತೆ, ಅದನ್ನ ಸರಿ ಮಾಡವ್ರಂತೆ! ನಾನ್ ಅವ್ರಿಗೆ ಚೆನ್ನಾಗ್ ಬಯ್ದಿದ್ದೀನಿ. ಇನ್ನೂ ಬಯ್ತೀನಿ. ಇನ್ಮೇಲೆ ಅವ್ರ ಪಾಟು ಕೇಳೋದೇ ಇಲ್ಲ!"

ಹೇಳಿ ಮುಗಿದ ಮೇಲೆ ಅವಳಿಗೇ ಭಯವಾಯಿತು. ಯಾವ ಮಾತನ್ನು ತಾತನಿಂದ ಬಚ್ಚಿಡಬೇಕು ಎಂದುಕೊಂಡಿದ್ದಳೋ ಅದನ್ನೇ ಕೂಗಿ ಹೇಳಿಬಿಟ್ಟಿದ್ದಳು. ದಿವಾಕರ್ ಕೂಡ ಬಾಯಿ ಬಿಟ್ಟುಕೊಂಡು ನಿಂತಿದ್ದ. ಹಾಡು ಮುಗಿಯಿತು.

"ಇನ್ನೊಂದ್ ಸಲ ಹಾಕಪ್ಪಾ," ಅಂದಳು ಅವ್ವ.

ಅವಳು ಹೊಸ್ತಿಲ ಮೇಲೆ ಕೂತು ಕಣ್ಣು ಮುಚ್ಚಿದಳು. ಟಕ್ ಟಕ್ ಟಕ್ ಟಕ್.

"ನಾನ್ ಮದ್ವೆ ಆಗಿ ಈ ಮನೆಗ್ ಬಂದಾಗ ಹಿಂಗೇ ಕೇಳ್ತಿತ್ತು," ಅಂದಳು. "ಹಿತ್ತಲಲ್ಲಿ ಪಾತ್ರೆ ಉಜ್ಜುವಾಗ, ನೀರ್ ಸೇದುವಾಗ, ಎಲ್ಲಿದ್ರೂ ಇದೇ. ಹನ್ನೆರಡ್ ವರ್ಷ ಆಯ್ತು, ಈ ಸದ್ದು ಕೇಳಿ."

ಅವ್ವ ಅಳುತ್ತಿದ್ದಳೋ ನಗುತ್ತಿದ್ದಳೋ ಧರಣಿಗೆ ತಿಳಿಯಲಿಲ್ಲ. ಆ ಮುಖವನ್ನು ಅವಳು ಹಿಂದೆಂದೂ ನೋಡಿರಲಿಲ್ಲ.

ದಿವಾಕರ್ ಹಾಡನ್ನು ನಾಲ್ಕು ಸಲ ಹಾಕಿದ. ನಾಲ್ಕನೆಯದು ಮುಗಿದ ಮೇಲೆ, "ಅಮ್ಮ ಬಯ್ತಾರೆ, ಹೋಗ್ತೀನಿ," ಎಂದು ಮೆಲ್ಲಗೆ ಜಾಗ ಖಾಲಿ ಮಾಡಿದ. ಅವ್ವ ಮೂಗು ಒರೆಸಿಕೊಂಡು ಒಳಗೆ ಹೋದಳು. ಧರಣಿ ಮಗ್ಗದ ಪಕ್ಕದಲ್ಲಿ ಮುಖ ಊದಿಸಿಕೊಂಡು ಕೂತಳು.

"ನಿಮ್ಗೆ ಕೋಪ ಇಲ್ವಾ ತಾತಾ?"

"ಇಲ್ದೆ ಏನು?" ತಾತ ಎಳೆಯೊಂದನ್ನು ಬೆರಳಲ್ಲಿ ಸವರಿ ನೋಡಿದರು. "ನಾನ್ ನೆಯ್ದ ಸೀರೇನ ನನ್ ಕೇಳ್ದೆ ಬಿಚ್ಚಿ ಇನ್ನೊಬ್ಬ ನೆಯ್ದ್ರೆ ಸುಮ್ನಿರ್ತೀನಾ? ಕೇಳ್ಬೇಕಿತ್ತು. ಆ ಹುಡ್ಗ ಫೋನ್ ಮಾಡ್ಲಿ, ನಾನೂ ನಾಲ್ಕ್ ಮಾತು ಅಂತೀನಿ."

"ಮತ್ತೆ ನಾಲ್ಕ್ ಸಲ ಯಾಕ್ ಕೇಳಿದ್ರಿ?"

"ನಾನೆಲ್ಲಿ ಕೇಳ್ದೆ? ನಿಮ್ ಅವ್ವನ್ ಮುಖ ನೋಡ್ತಾ ಇದ್ದೆ."

ತಾತ ಮತ್ತೆ ಹಗ್ಗ ಹಿಡಿದರು. ಟಕ್ಕಟಾ... ಟಕ್.

ಧರಣಿಗೆ ಅವ್ವನ ಮೇಲೂ ಸ್ವಲ್ಪ ಕೋಪ ಬಂದಿತ್ತು. ಇಷ್ಟು ಚೆಂದದ ತಾಳ ದಿನಾ ಮನೆಯಲ್ಲೇ ಕೇಳುತ್ತಿರುವಾಗ ಆ ಸಪ್ಪೆ ಟಕ್ ಟಕ್‌ನಲ್ಲಿ ಅಳುವಂಥದ್ದು ಏನಿದೆ? ತಾತನ ತಾಳ ಹೇಗೆ ಆಗುತ್ತದೆ ಎಂದು ಸರಿಯಾಗಿ ನೋಡಿ ಸೆಂದಿಲ್ ಅಣ್ಣನಿಗೆ ಬಿಡಿಸಿ ಹೇಳಬೇಕು, ಆಗ ಬುದ್ಧಿ ಬರುತ್ತದೆ ಎಂದುಕೊಂಡು ಅವಳು ನೆಲಕ್ಕೆ ಅಂಗೈಯೂರಿ ಗುಂಡಿಯೊಳಗೆ ಬಗ್ಗಿದಳು. ಹತ್ತು ವರ್ಷದಿಂದ ಆ ಮಗ್ಗ ಕೇಳುತ್ತಿದ್ದಳು. ಒಳಗೆ ಬಗ್ಗಿ ನೋಡಿದ್ದು ಇದೇ ಮೊದಲು.

ಬಲಗಾಲು ಪಟ್ಟಿಯನ್ನು ತುಳಿಯಿತು. ಟಕ್ಕಟಾ.

ಎಡಗಾಲು ಏಳಲಿಲ್ಲ. ಬೆರಳುಗಳು ಪಟ್ಟಿಯನ್ನು ಹುಡುಕಿದವು, ಸಿಗಲಿಲ್ಲ. ತಾತ ಸೊಂಟವನ್ನು ಒಂದು ಕಡೆ ವಾಲಿಸಿ, ಇಡೀ ಕಾಲನ್ನು ಎಳೆದು ತಂದು ಪಟ್ಟಿಯ ಮೇಲಿಟ್ಟರು. ಧರಣಿ ತಲೆ ಎತ್ತಿ ಅವರ ಮುಖ ನೋಡಿದಳು. ತಾತ ಕೆಳತುಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದರು. ಹಣೆಯ ನರ ಉಬ್ಬಿತ್ತು. ಕಾಲು ಒತ್ತಿತು. ಟಕ್. ತುಟಿ ಸಡಿಲವಾಯಿತು.

ಮತ್ತೆ ಟಕ್ಕಟಾ. ಮತ್ತೆ ತುಟಿ ಕಚ್ಚಿದರು.

ನಲವತ್ತು ಮಕ್ಕಳು ನಗುತ್ತಾ ಚಪ್ಪಾಳೆ ತಟ್ಟಿದ್ದು ಧರಣಿಯ ಕಿವಿಯಲ್ಲಿ ಕೇಳಿಸಿತು. ಕಲಿಸಿದ್ದು ಅವಳೇ. ನಡುವೆ ಸರಿಯಾಗಿ ನಿಲ್ಲಿಸದವರಿಗೆ, "ಅಲ್ಲಿ ಕಾಯ್ಬೇಕು, ಅದೇ ಸ್ಟೈಲು!" ಎಂದು ಬಯ್ದದ್ದೂ ಅವಳೇ.

"ತಾತಾ."

"ಏನ್ ಕಣ್ಣು?"

"ನೋಯ್ತದಾ?"

ತಾತ ಮಗ್ಗ ನಿಲ್ಲಿಸಿದರು. ಇಂಥ ಪ್ರಶ್ನೆ ಅವಳಿಂದ ಬಂದೀತೆಂದು ಅವರು ಅಂದುಕೊಂಡಿರಲಿಲ್ಲ.

"ನೋಯ್ತದೆ," ಅಂದರು. "ಎಡಗಾಲು ಇಡುವಾಗ. ಇಟ್ಟ್ ಮೇಲೆ ಇಲ್ಲ."

"ಒಂದೊಂದ್ ಸಲಾನೂ?"

"ಹ್ಞೂಂ."

ಹೊರಗಿನಿಂದ ಗೋಮತಿ ಕೂಗಿದಳು, "ಧರಣೀ! ನೂಲು ಆಲ್ಬಮ್ ಮಿಕ್ಕಿದ್ದು ಕೇಳೋಣ, ಬರ್ತೀಯಾ?"

"ಆಮೇಲ್ ಬರ್ತೀನಿ ಡೀ."

ತಾತ ಮತ್ತೆ ನೆಯ್ಯತೊಡಗಿದರು. ಧರಣಿ ಗುಂಡಿಯ ಅಂಚಿನಲ್ಲಿ ಮೊಣಕಾಲು ತಬ್ಬಿಕೊಂಡು ಕೂತಳು. ಅವಳ ಹಸಿ ಕೂದಲಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಬಲಗಾಲು ತುಳಿದಾಗಲೆಲ್ಲ ಅವಳು ಉಸಿರು ಹಿಡಿದಳು. ಎಡಗಾಲು ಪಟ್ಟಿಗೆ ಬಂದು ಟಕ್ ಅಂದ ಮೇಲೆ ಬಿಟ್ಟಳು.